ಓಡುವ ಶಬ್ದಗಳು

ಜೂನ್ 1, ಭಾನುವಾರ. ನಾಸಿಕ್

ನಾಳೆ ಛತ್ರಪತಿ ಸಂಭಾಜಿನಗರಕ್ಕೆ ಹೊರಡುತ್ತೇನೆ. ಚೀಲ ಕಟ್ಟಿಯಾಯಿತು. ಮನೆಯಲ್ಲಿ ಅತ್ತೆ, ಗಂಡ ಇಬ್ಬರೂ ಮುಖ ಊದಿಸಿಕೊಂಡು ಕೂತಿದ್ದಾರೆ. ಕೂತಿರಲಿ.

"ನಲ್ವತ್ನಾಕು ವರ್ಷದಾಕಿ ಜಪಾನಿ ಕಲ್ತು ಏನ್ ಮಾಡ್ತಿಯವ್ವಾ?" ಎಂದು ಅತ್ತೆ ಎರಡು ವರ್ಷದಿಂದ ಕೇಳುತ್ತ ಬಂದಿದ್ದರು. ಈಗ ಉತ್ತರ ಸಿಕ್ಕಿದೆ, ಅದಕ್ಕೇ ಸಿಟ್ಟು. ಸಾತಪುರದ ಕಾರ್ಖಾನೆಯ ಸ್ಟೋರಿನಲ್ಲಿ ಒಂದೇ ಸ್ಟೂಲಿನ ಮೇಲೆ ಕೂತು ನನ್ನ ಅರ್ಧ ಆಯುಷ್ಯ ಹೋಯಿತು. ಕಂಪನಿ ಜಪಾನಿನವರ ಜೊತೆ ಕೈಜೋಡಿಸಿ ಭಾಷೆಯ ಕ್ಲಾಸು ಶುರುಮಾಡಿದಾಗ ಇಡೀ ಸ್ಟೋರಿಗೆ ಸ್ಟೋರೇ ಬಂದು ಕೂತಿತ್ತು. ಲಿಪಿ ಬಂದ ಕೂಡಲೇ ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ನಾನು ಮಾಡಲಿಲ್ಲ. ಹಟ, ಇನ್ನೇನು.

ಈಗ ಸಂಭಾಜಿನಗರದ ಹತ್ತಿರ ಶೇಂದ್ರಾದ ಹೊಸ ಘಟಕಕ್ಕೆ ದುಭಾಷಿ ಬೇಕಾಗಿದ್ದಾರೆ. ಮೂರು ತಿಂಗಳ ಪರೀಕ್ಷೆ. ಅಲ್ಲಿನ ಮ್ಯಾನೇಜರು ಒಳ್ಳೆಯದು ಬರೆದರೆ ಕೆಲಸ ಕಾಯಂ. ಬರೆಯದಿದ್ದರೆ ಮತ್ತೆ ಅದೇ ಸ್ಟೂಲು, ಮೇಲೆ ಎಲ್ಲರ ನಗು ಬೇರೆ. ಆ ಸ್ಟೂಲಿಗೆ ನಾನು ತಿರುಗಿ ಹೋಗುವವಳಲ್ಲ.

"ನಿನಗ್ಯಾಕ ಇಷ್ಟ್ ಅವಸರ?" ಎಂದರು ಇವರು. ಪಂಚವಟಿಯಲ್ಲಿ ಬೇಳೆಕಾಳಿನ ಅಂಗಡಿ ಇಟ್ಟುಕೊಂಡು, ಗಿರಾಕಿ ಬಂದಾಗ ಎದ್ದರಾಯಿತು ಎನ್ನುವ ಮನುಷ್ಯ. ಇವರಿಗೆ ಅವಸರ ಅರ್ಥವಾಗುವುದಿಲ್ಲ.

ಕನ್ನಡದಲ್ಲೇ ಬರೆಯುತ್ತೇನೆ. ಭಾಲ್ಕಿಯಲ್ಲಿ ಹತ್ತನೆಯವರೆಗೆ ಕಲಿತ ಅಕ್ಷರ, ಸಂಭಾಜಿನಗರದಲ್ಲಿ ಯಾರಿಗೂ ಓದಲು ಬರುವುದಿಲ್ಲ. ಯಾರನ್ನು ಎಷ್ಟು ಬೈದರೂ ನಡೆಯುತ್ತದೆ.

ಜೂನ್ 9, ಸೋಮವಾರ. ಸಂಭಾಜಿನಗರ

ವಾರಕ್ಕೊಂದು ವಿಷಯ ಹಿಡಿದು ಶಬ್ದ ಕಲಿಯಿರಿ ಎಂದು ಸೆನ್ಸೇ, ಎಂದರೆ ನಮ್ಮ ಜಪಾನಿ ಮೇಷ್ಟ್ರು, ಹೇಳಿಕೊಟ್ಟಿದ್ದಾರೆ. ನಾನು ಆರಿಸಿಕೊಂಡದ್ದು ಓಟ ಮತ್ತು ಅವಸರ. ನನ್ನ ಸ್ವಭಾವಕ್ಕೆ ಅದೇ ಸರಿ.

ಹಶಿರು ಎಂದರೆ ಓಡುವುದು. ಇಸೊಗು ಎಂದರೆ ಅವಸರ ಮಾಡುವುದು. ಅವತೆರು ಎಂದರೆ ಅವಸರದಲ್ಲಿ ತಲೆ ಕೆಟ್ಟು ತಡಬಡಾಯಿಸುವುದು, ಕೇಳಲಿಕ್ಕೆ ನಮ್ಮ 'ಅವಸರ'ದ ತಂಗಿಯ ಹಾಗಿದೆ. ಕಕೆಕೊಮು ಎಂದರೆ ಬಾಗಿಲು ಮುಚ್ಚುವುದರೊಳಗೆ ನುಗ್ಗುವುದು. ಇಗತಪುರಿಯಲ್ಲಿ ಚಹಾಕ್ಕೆ ಇಳಿದವರು ಸೀಟಿ ಕೇಳಿ ರೈಲಿಗೆ ನುಗ್ಗುತ್ತಾರಲ್ಲ, ಅದೇ. ಒಂದು ಓಟಕ್ಕೆ ಇಷ್ಟು ಶಬ್ದ ಇಟ್ಟುಕೊಂಡವರ ಮೇಲೆ ನನಗೆ ಗೌರವ ಹೆಚ್ಚಾಗಿದೆ.

ಕೋಣೆಯಲ್ಲಿ ನನ್ನ ಜೊತೆ ರುಚಿತಾ ಎನ್ನುವ ಹುಡುಗಿ. ಘಟಕದಲ್ಲಿ ಮಾಲು ತಪಾಸಣೆ ಮಾಡುವವಳು, ಇಲ್ಲಿಯವಳೇ, ಪೈಠಣದ ಕಡೆ ಊರು. ನನ್ನನ್ನು 'ತಾಯಿ' ಎನ್ನುತ್ತಾಳೆ, ಮರಾಠಿಯಲ್ಲಿ ಅಕ್ಕ ಎಂದು. ಬಾಯಿ ಮುಚ್ಚುವುದಿಲ್ಲ, ಆದರೆ ಚಹಾ ಚೆನ್ನಾಗಿ ಮಾಡುತ್ತಾಳೆ.

ಜೂನ್ 18

ಘಟಕದಲ್ಲಿ ಗಾಡಿಗಳ ವೈರಿಂಗ್ ಜೋಡಿಸುತ್ತಾರೆ. ಎಲ್ಲಾ ಹೆಂಗಸರೇ. ಗೋಡೆಗೆ ದೊಡ್ಡ ಫಲಕ: 'ಒಳಗೆ ಓಡಬಾರದು', ಜಪಾನಿಯಲ್ಲೂ ಮರಾಠಿಯಲ್ಲೂ. ಅದರ ಕೆಳಗೇ ನಿಂತು ಮ್ಯಾನೇಜರು ಅತುಲ್ ಸರ್ ಇಡೀ ದಿನ "ಪಳಾ, ಪಳಾ!" ಎಂದು ಕೂಗುತ್ತಿರುತ್ತಾರೆ. ಓಡಿರಿ, ಓಡಿರಿ ಎಂದು. ಹೆಂಗಸರು ಟ್ರೇ ಹಿಡಿದು ಓಡುತ್ತಾರೆ. ಜಪಾನಿನಿಂದ ಬಂದ ಮುಖ್ಯಸ್ಥ ಮೊರಿತಾ-ಸಾನ್ ಒಳಗೆ ಬರುತ್ತಿದ್ದಾರೆ ಎಂದು ಗೊತ್ತಾದ ಕೂಡಲೇ ಎಲ್ಲರೂ ನಡೆಯುತ್ತಾರೆ.

ನನಗೆ ನಗು ಬಂತು. ಮಾಲು ಹೊತ್ತಿಗೆ ಸರಿಯಾಗಿ ಹೋಗಬೇಕೆಂದರೆ ಕಾಲು ಎತ್ತಿ ಇಡಬೇಕಾಗುತ್ತದಪ್ಪ. ನಿಧಾನದವರನ್ನು ಕಂಡರೆ ನನಗೂ ಆಗುವುದಿಲ್ಲ. ಅತುಲ್ ಸರ್ ಚುರುಕು ಮನುಷ್ಯ. "ನೀವೂ ಚುರುಕಾಗಿದ್ದೀರಿ ತಾಯಿ, ನಿಮ್ಮ ಕಾಗದ ನಾನೇ ಬರೆಯುವವನು" ಎಂದರು. ಮನಸ್ಸು ಅರಳಿತು.

ಊಟದ ಹೊತ್ತಿನಲ್ಲಿ ಮನೆಗೆ ಫೋನ್ ಮಾಡಿ ಅತ್ತೆಯ ಜೊತೆ ಮಾತಾಡುತ್ತಿದ್ದೆ. ಟ್ರೇ ತಂದುಕೊಡುವ ಗುತ್ತಿಗೆ ಹೆಂಗಸೊಬ್ಬಳು ಎದುರಿಗೆ ಬಂದು ನಿಂತು ಮುಖ ತುಂಬ ನಕ್ಕಳು. "ಬಾಯರ, ನೀವು ನಮ್ ಕಡೀವ್ರೇನ್ರಿ?" ಸಕ್ರವ್ವ ಎಂದು ಹೆಸರು, ಚಿಂಚೋಳಿ ಕಡೆಯ ತಾಂಡಾದವಳು. "ಮಲಾ ಕಾಮ ಆಹೆ" ಎಂದು ಮರಾಠಿಯಲ್ಲಿ ಹೇಳಿ ಎದ್ದು ಹೋದೆ. ಕೆಲಸ ಇತ್ತೋ ಇಲ್ಲವೋ ಬೇರೆ ಮಾತು. ಬಂದ ಹೊಸದರಲ್ಲೇ ಗುತ್ತಿಗೆಯವರ ಸಾಲಿನಲ್ಲಿ ಕೂತರೆ ನನ್ನನ್ನೂ ಅದೇ ತಕ್ಕಡಿಯಲ್ಲಿ ತೂಗುತ್ತಾರೆ. ನಾನು ದುಭಾಷಿ.

ಜುಲೈ 4

ಹೊಸ ಶಬ್ದ: ಹಶಿರಿಗಾಕಿ. ಓಡುತ್ತ ಬರೆದದ್ದು, ಎಂದರೆ ಗೀಚಿದ್ದು. ಇವತ್ತಿನದು ಅದೇ. ಮೂರು ಮೀಟಿಂಗು, ಕಾಲು ನೋವು, ನಿದ್ದೆ. ಮೊರಿತಾ-ಸಾನ್ ನನ್ನ ಜಪಾನಿ ಹೊಗಳಿದರು. ಅತ್ತೆಗೆ ಫೋನ್ ಮಾಡಿ ಎರಡು ಸಲ ಹೇಳಿದೆ.

ಜುಲೈ 15, ಮಂಗಳವಾರ

ಮಳೆ. ಮಾಲು ಇಳಿಸುವ ಬಾಗಿಲ ಹತ್ತಿರ ನೀರು ಒಳಗೆ ಬಂದಿತ್ತು. ಸಕ್ರವ್ವ ಟ್ರೇ ಸಮೇತ ಜಾರಿ ಬಿದ್ದಳು. ಬಲಗೈ ಮಣಿಕಟ್ಟು ಮುರಿದಿದೆ ಎಂದರು. ಅವಳನ್ನು ಎತ್ತಿಕೊಂಡು ಹೋಗುವಾಗ ಅವಳು ಚೀರಲಿಲ್ಲ, ಚೆಲ್ಲಿದ ಮಾಲನ್ನೇ ನೋಡುತ್ತಿದ್ದಳು.

ಮೊರಿತಾ-ಸಾನ್ ಕೇಳಿದರು, ಹೇಗಾಯಿತು? ಅತುಲ್ ಸರ್ ಹೇಳಿದರು, ನಿಯಮ ಮೀರಿ ಓಡಿದಳು, ಎಷ್ಟು ಹೇಳಿದರೂ ಈ ಗುತ್ತಿಗೆಯವರು ಕೇಳುವುದಿಲ್ಲ. ನಾನು ಅನುವಾದ ಮಾಡಿದೆ. ಹಶಿರಿಮಾಶಿತಾ. ಓಡಿದಳು. ಮೊರಿತಾ-ಸಾನ್ ತಲೆಯಾಡಿಸಿದರು.

ದುಭಾಷಿಯ ಕೆಲಸ ಅಷ್ಟೇ. ಅವರು ಹೇಳಿದ್ದನ್ನು ಇವರಿಗೆ ಹೇಳುವುದು. ಓಡಿದ್ದಂತೂ ನಿಜ, ನಾನೇನು ಸುಳ್ಳು ಹೇಳಲಿಲ್ಲ.

ಜುಲೈ 16

ನಾನೇನು ಸುಳ್ಳು ಹೇಳಲಿಲ್ಲ ಎಂದು ನಿನ್ನೆಯೇ ಬರೆದಾಗಿದೆ. ಮತ್ತೆ ಬರೆಯುವ ಅಗತ್ಯವಿಲ್ಲ.

ಜುಲೈ 17

ರುಚಿತಾಳ ಬಾಯಿಗೆ ಬೀಗವಿಲ್ಲ ಎಂದು ಮೊದಲೇ ಬರೆದಿದ್ದೆ. ಸಂಜೆ ಬಂದವಳೇ, "ತಾಯಿ, ಆ ಸಕ್ರವ್ವ ಮಾವಶಿ ಆಸ್ಪತ್ರೆಯಲ್ಲಿ ಅಳ್ತಿದ್ದಾಳೆ, ಏನು ಹೇಳ್ತಾಳೋ ಯಾರಿಗೂ ತಿಳಿಯೋದಿಲ್ಲ. ನಿಮಗೆ ಕಾನಡಿ ಬರ್ತದಲ್ಲ, ನೀವು ದಿನಾ ಫೋನಿನಲ್ಲಿ ಅದೇ ತಾನೇ ಮಾತಾಡೋದು" ಎಂದಳು. ಇಲ್ಲ ಎನ್ನಲು ಬಾಯಿ ತೆರೆದೆ. ಅವಳು ಆಗಲೇ ನನ್ನ ಚಪ್ಪಲಿ ತಂದು ಮುಂದೆ ಇಟ್ಟಿದ್ದಳು.

ವಾರ್ಡಿನಲ್ಲಿ ಸಕ್ರವ್ವ ಕೂದಲು ಬಿಚ್ಚಿಕೊಂಡು ಕೂತಿದ್ದಳು. ನನ್ನನ್ನು ಕಂಡು ಎದ್ದು ನಿಲ್ಲಲು ಹೋದಳು. ಹೆದರಿಕೆಯಿಂದ. ನನಗೆ ನಾಚಿಕೆಯಾಯಿತು.

"ಏನ್ ಬೇಕಾಗಿತ್ತವ್ವಾ?" ಎಂದೆ. ಬಹಳ ದಿನದ ಮೇಲೆ ಮನೆಯವರನ್ನು ಬಿಟ್ಟು ಬೇರೆಯವರ ಜೊತೆ ಆ ಮಾತು ಬಂತು.

ಅವಳಿಗೆ ಬೇಕಾಗಿದ್ದುದು ಇಷ್ಟೇ. ಒಂದು ಕೈಯಲ್ಲಿ ಜಡೆ ಹಾಕಿಕೊಳ್ಳಲಾಗುವುದಿಲ್ಲ. ಬಿಟ್ಟ ಕೂದಲಿನಲ್ಲಿ ಡಾಕ್ಟರ ಎದುರು ಹೆಂಗಸು ಕೂರಬಾರದು. ಎರಡು ದಿನದಿಂದ ನರ್ಸಿಗೆ ಕೈ ಮಾಡಿ ತೋರಿಸಿದ್ದಾಳೆ, ಅವರು ತಲೆನೋವೆಂದು ತಿಳಿದು ಗುಳಿಗೆ ಕೊಟ್ಟಿದ್ದಾರೆ. ನಾನು ಎಣ್ಣೆ ತರಿಸಿ, ಬಾಚಿ, ಜಡೆ ಹಾಕಿದೆ. ಕೂದಲಲ್ಲಿ ಇನ್ನೂ ಘಟಕದ ರಬ್ಬರಿನ ವಾಸನೆ ಇತ್ತು.

"ನಾಳಿ ಕೆಲ್ಸಕ್ಕ ಬರ್ಲೇನ್ರಿ ಬಾಯರ? ಎಡಗೈ ಛಲೋ ಅದ."

ಏನು ಹೇಳಲಿ? ಓಡಿದವಳೆಂದು ನನ್ನ ಬಾಯಿಂದಲೇ ಹೋಗಿದೆ. ಗುತ್ತಿಗೆದಾರ ಗೇಟ್ ಪಾಸು ಕಿತ್ತುಕೊಳ್ಳುವುದಕ್ಕೆ ಅಷ್ಟೇ ಸಾಕು. ವಾಪಸು ಬರುವಾಗ ಕೊನೆಯ ಬಸ್ಸು ತಪ್ಪಿ ರಿಕ್ಷಾ ಮಾಡಿದೆವು. ಇವತ್ತು ಹೊಸ ಶಬ್ದ ಯಾವುದೂ ಕಲಿಯಲಿಲ್ಲ.

ಜುಲೈ 20, ಭಾನುವಾರ. ನಾಸಿಕ್

ಮೊರಿತಾ-ಸಾನ್ ಮಂಗಳವಾರ ಸಕ್ರವ್ವನನ್ನೇ ಕೇಳುತ್ತಾರಂತೆ. ಆಫೀಸಿನಲ್ಲಿ ಅಲ್ಲ, ಅವಳು ಬಿದ್ದ ಜಾಗದಲ್ಲೇ ನಿಂತು. ಏನಾದರೂ ಆದರೆ ಆದ ಜಾಗಕ್ಕೇ ಹೋಗಿ ಆದವರ ಬಾಯಿಂದಲೇ ಕೇಳಬೇಕು, ಅದು ಅವರ ಪದ್ಧತಿ. ಅತುಲ್ ಸರ್ ನನಗೆ ಆಗಲೇ ಹೇಳಿಟ್ಟಿದ್ದಾರೆ: "ಅವಳು ಏನೇ ಅನ್ನಲಿ, ನೀವು ಓಡಿದೆ, ತಪ್ಪಾಯ್ತು ಎಂದು ಹೇಳಿ ಮುಗಿಸಿ. ನಿಮ್ಮ ಕಾಗದವೂ ನನ್ನ ಟೇಬಲ್ ಮೇಲೇ ಇದೆ."

ಮನೆಯಲ್ಲಿ ಹೇಳಿದೆ. ಇವರು ಬಾಯಿಗಿಟ್ಟ ತುತ್ತು ಬಿಟ್ಟು, "ಇನ್ನೊಬ್ರ ಉಸಾಬರಿ ನಿನಗ್ಯಾಕ? ನಿನ್ ಕೆಲ್ಸ ಪಕ್ಕಾ ಆಗೋ ಹೊತ್ತಿನ್ಯಾಗ!" ಎಂದರು. ಆಗ ಹೋಗಬೇಡ ಎಂದವರು ಇವರೇ, ಈಗ ಬಿಡಬೇಡ ಎನ್ನುವವರೂ ಇವರೇ. "ನೀವ್ ಸುಮ್ನ ಊಟಾ ಮಾಡ್ರಿ" ಎಂದೆ.

ಅತ್ತೆ ಮಾತ್ರ ಬೇರೆ ಥರ. "ಹೇಳಂಗಿದ್ರ ಹೇಳು, ಇಲ್ಲಂದ್ರ ಬಾಯಿ ಮುಚ್ಕೊಂಡಿರು. ಆದ್ರ ಹೇಳ್ಲಾರ್ದ ಬಂದು ಜೀವಮಾನಾ ಪೂರಾ ನಮ್ ಮ್ಯಾಲ ಸಿಟ್ಟ್ ತೆಗೀಬ್ಯಾಡ ನೋಡು. ನಿನ್ ಸ್ವಭಾವ ನನಗ ಗೊತ್ತದ."

ಅತ್ತೆಯ ಮೇಲೆ ಸಿಟ್ಟು ಬಂತು. ಸರಿಯಾಗಿ ಹೇಳಿದ್ದಕ್ಕೆ.

ಜುಲೈ 22, ಮಂಗಳವಾರ. ಸಂಭಾಜಿನಗರ

ಇವತ್ತು ಆದದ್ದನ್ನು ಪೂರ್ತಿ ಬರೆದಿಡಬೇಕು.

ಚಹಾ ವಿರಾಮದಲ್ಲಿ ಕರೆದಿದ್ದರು. ಲೈನು ನಿಂತಿತ್ತು, ಹೆಂಗಸರು ಲೋಟ ಹಿಡಿದು ಆಚೆ ನಿಂತಿದ್ದರು. ಸಕ್ರವ್ವ ಕೈಗೆ ಪ್ಲಾಸ್ಟರು, ಕುತ್ತಿಗೆಗೆ ಜೋಳಿಗೆ ಕಟ್ಟಿಕೊಂಡು ಬಂದಳು. ಅವಳು ಬಿದ್ದ ಜಾಗದಲ್ಲಿ ನೆಲ ಒಣಗಿಸಿ ಹಳದಿ ಪಟ್ಟಿ ಬಳಿದಿದ್ದರು. ಮೊರಿತಾ-ಸಾನ್ ಅವಳಿಗೆ ತಲೆಬಾಗಿ, ಆ ದಿನ ಏನಾಯಿತು ಎಂದು ಕೇಳಿದರು. ನಾನು ಕನ್ನಡದಲ್ಲಿ ಕೇಳಿದೆ.

ಸಕ್ರವ್ವ ನನ್ನ ಮುಖ ನೋಡಿದಳು. "ಏನಂತ ಹೇಳ್ಲಿ ಬಾಯರ? ನೀವ್ ಏನ್ ಹೇಳಂತೀರಿ ಅದೇ ಹೇಳ್ತೀನಿ."

ಇದನ್ನು ನಾನು ಎಣಿಸಿರಲಿಲ್ಲ. ಅವಳ ಮಾತು ಅತುಲ್ ಸರ್‌ಗೆ ತಿಳಿಯುವುದಿಲ್ಲ, ಮೊರಿತಾ-ಸಾನ್‌ಗೂ ತಿಳಿಯುವುದಿಲ್ಲ. ಇಡೀ ಘಟಕದಲ್ಲಿ ನನ್ನೊಬ್ಬಳಿಗೆ. ನಾನು ಏನು ಹೇಳಿದರೆ ಅದೇ ಅವಳು ಹೇಳಿದ್ದಾಗುತ್ತದೆ.

"ನಾ ಏನೂ ಹೇಳಂಗಿಲ್ಲ. ಏನ್ ಆಗ್ಯದ ಅದು ಹೇಳು" ಎಂದೆ.

ಅವಳು ಹೇಳಿದಳು. "ನನಗ ಮರಾಠಿ ಬರಂಗಿಲ್ರಿ. ಇಲ್ಲಿಗಿ ಬಂದು ಒಂದೇ ಶಬ್ದ ಕಲ್ತೀನಿ, 'ಪಳಾ'. ಸಾಹೇಬ್ರು ಪಳಾ ಅಂದ್ರು, ನಾ ಓಡ್ದೆ. ದಿನಾ ಓಡ್ತೀನಿ. ನಿಂತ್ರ ಬೈತಾರ. ಅವತ್ತ್ ನೀರಿತ್ತು, ಬಿದ್ದೆ."

"ತಪ್ಪಾಯ್ತು ಎಂದಳು ತಾನೇ? ಹೇಳಿ ಮುಗಿಸಿ" ಎಂದರು ಅತುಲ್ ಸರ್.

ನಾನು ಮೊರಿತಾ-ಸಾನ್ ಕಡೆ ತಿರುಗಿದೆ. ಮೊದಲ ವಾಕ್ಯ ಹೊರಡುವವರೆಗೆ ನನ್ನ ಸಾತಪುರದ ಸ್ಟೂಲು, ನನ್ನ ಕಾಗದ ಎಲ್ಲ ಕಣ್ಣ ಮುಂದೆ ಇದ್ದವು. ಹೊರಟ ಮೇಲೆ ಏನೂ ಇರಲಿಲ್ಲ. ಅವಳಿಗೆ ಬರುವ ಮರಾಠಿ ಶಬ್ದ ಒಂದೇ, 'ಓಡು' ಎನ್ನುವುದು, ದಿನಾ ಓಡು ಎನ್ನುತ್ತಾರೆ, ಅವಳು ಓಡುತ್ತಾಳೆ, ಅವತ್ತು ನೀರಿತ್ತು. ಒಂದಕ್ಷರ ಬಿಡಲಿಲ್ಲ.

ಮೊರಿತಾ-ಸಾನ್ ಗೋಡೆಯ ಫಲಕದ ಕಡೆ ನೋಡಿದರು. ಆಮೇಲೆ, "ಆ ಶಬ್ದ ಅವರಿಗೆ ಕಲಿಸಿದವರು ಯಾರು?" ಎಂದರು. ನಾನು ಅತುಲ್ ಸರ್ ಕಡೆ ತಿರುಗಿ ಮರಾಠಿಯಲ್ಲಿ ಅದನ್ನೇ ಕೇಳಿದೆ.

ಅವರ ಮುಖ ಕೆಂಪಾಯಿತು. "ಸುಳ್ಳು! ನಾನು ಯಾರಿಗೂ ಓಡು ಅಂದಿಲ್ಲ. ಇವರಿಬ್ಬರೂ ಒಂದೇ ಕಡೆಯವರು, ಕಾನಡಿ ಜನ, ಸೇರಿಕೊಂಡು ಆಟ ಕಟ್ಟಿದ್ದಾರೆ. ಈ ದುಭಾಷಿಯೂ ಸುಳ್ಳಿ. ಬರುವ ವಾರದಿಂದ ಬೇರೆಯವರನ್ನು ತರಿಸಿ."

ಅದನ್ನೂ ಜಪಾನಿಯಲ್ಲಿ ಹೇಳಿದೆ. ಸುಳ್ಳು ಎಂದೆ. ಇವರಿಬ್ಬರೂ ಒಂದೇ ಕಡೆಯವರು ಎಂದೆ. ಈ ದುಭಾಷಿ ಸುಳ್ಳಿ, ಬರುವ ವಾರದಿಂದ ಬೇರೆಯವರನ್ನು ತರಿಸಿ ಎಂದೆ. ಧ್ವನಿ ಕಂಪಿಸಲಿಲ್ಲ. ಇಷ್ಟು ಸ್ಪಷ್ಟವಾದ ಜಪಾನಿ ನಾನು ಹಿಂದೆಂದೂ ಮಾತಾಡಿರಲಿಲ್ಲ.

ಮೊರಿತಾ-ಸಾನ್ ಹುಬ್ಬೇರಿಸಿದರು. "ನಿಮ್ಮ ವಿಷಯವನ್ನೂ ಅನುವಾದ ಮಾಡುತ್ತೀರಾ?"

"ಅವರು ಹೇಳಿದರು. ಅದಕ್ಕೇ ಮಾಡಿದೆ."

ಅಷ್ಟರಲ್ಲಿ ಭೋಂಗಾ ಊದಿತು, ಚಹಾ ವಿರಾಮ ಮುಗಿದದ್ದಕ್ಕೆ. ಯಾರೂ ಕೂಗಲಿಲ್ಲ. ಅತುಲ್ ಸರ್ ಬಾಯಿ ಮುಚ್ಚಿಕೊಂಡೇ ನಿಂತಿದ್ದರು. ಆದರೂ ಆಚೆ ನಿಂತ ಅಷ್ಟೂ ಹೆಂಗಸರು ಲೋಟ ಕೆಳಗಿಟ್ಟು, ಏಪ್ರನ್ ಹಿಡಿದುಕೊಂಡು, ಮುಖ್ಯಸ್ಥರ ಕಣ್ಣೆದುರಿಗೇ ತಮ್ಮ ತಮ್ಮ ಜಾಗಕ್ಕೆ ಓಡಿದರು. ಸಕ್ರವ್ವನೂ ಪ್ಲಾಸ್ಟರಿನ ಕೈ ಎದೆಗೆ ಒತ್ತಿಕೊಂಡು ಹೊರಟಳು. ನಾನು ಅವಳ ರಟ್ಟೆ ಹಿಡಿದು ನಿಲ್ಲಿಸಿದೆ. ಆಗ ನೋಡಿಕೊಂಡರೆ ನಾನೂ ನಿಂತಲ್ಲಿಂದ ಮುಂದೆ ಓಡಿ ಬಂದಿದ್ದೆ.

"ಕೊಬಶಿರಿ" ಎಂದರು ಮೊರಿತಾ-ಸಾನ್, ತಮ್ಮಷ್ಟಕ್ಕೇ. ಅದೂ ಒಂದು ಶಬ್ದ. ಸಣ್ಣ ಹೆಜ್ಜೆಯ ಓಟ. ನಡಿಗೆಯೂ ಅಲ್ಲ, ಓಟವೂ ಅಲ್ಲ, ಬೈಸಿಕೊಳ್ಳಬಾರದೆಂದು ಓಡುವವರ ಓಟ. ಕೊನೆಯದು ನಾನು ಸೇರಿಸಿದ್ದು, ನಿಘಂಟಿನಲ್ಲಿಲ್ಲ.

ಅವರು ಅತುಲ್ ಸರ್ ಕಡೆ ನೋಡಿದರು. ಅನುವಾದ ಮಾಡುವುದಕ್ಕೆ ಏನೂ ಇರಲಿಲ್ಲ.

ಜುಲೈ 25

ಕಾಗದ ಬಂತು. 'ಹುದ್ದೆಗೆ ಬೇಕಾದ ತಟಸ್ಥ ಭಾವ ಇಲ್ಲ.' ಸೋಮವಾರದಿಂದ ಸಾತಪುರದ ಸ್ಟೋರು. ದುಭಾಷಿ ಯಾರಾಗಬೇಕೆಂಬುದು ಮುಖ್ಯ ಕಚೇರಿಯ ಕೆಲಸ, ಮೊರಿತಾ-ಸಾನ್ ಕೈಯಲ್ಲಿಲ್ಲ. ಅವರು ಆಸ್ಪತ್ರೆಯ ಖರ್ಚು ಕಂಪನಿಯೇ ಕೊಡಬೇಕೆಂದು ಹಟ ಹಿಡಿದು ಕೊಡಿಸಿದ್ದಾರೆ. ಗುತ್ತಿಗೆದಾರ ಮಾತ್ರ ಸಕ್ರವ್ವನ ಪಾಸು ಕಿತ್ತುಕೊಂಡ. ಕೈ ಸರಿಹೋದ ಮೇಲೂ ಬೇಡವಂತೆ.

ನಾನು ಅಳಲಿಲ್ಲ. ರುಚಿತಾ ಅತ್ತಳು, ನನ್ನ ಪಾಲಿನದೂ ಸೇರಿಸಿ. ಅವಳು ಮಾಡಿದ ಚಹಾ ಮೊದಲ ಸಲ ಕೆಟ್ಟಿತ್ತು.

ಹೊರಡುವ ಮುಂಚೆ ಸಕ್ರವ್ವನ ಕೋಣೆಗೆ ಹೋಗಿ ಜಡೆ ಹಾಕಿ ಬಂದೆ. ಪಕ್ಕದ ಮನೆಯ ಹುಡುಗಿಗೆ ಹಾಕಲು ಹೇಳಿಕೊಟ್ಟೆ. "ನನ್ನಿಂದ ನಿಮ್ ಕೆಲ್ಸ ಹೋಯ್ತಲ್ರಿ ಬಾಯರ" ಎಂದಳು. "ನಿನ್ನಿಂದ ಯಾಕ ಹೋಗ್ತದ? ಇಬ್ರದೂ ಅವ್ರೇ ತಗದಾರ" ಎಂದು ಬೈದೆ. ಅವಳು ನಕ್ಕಳು. ನಾನೂ ನಕ್ಕೆ.

ಆಗಸ್ಟ್ 11, ಸೋಮವಾರ. ನಾಸಿಕ್

ಶ್ರಾವಣದ ಮೂರನೇ ಸೋಮವಾರ. ತ್ರ್ಯಂಬಕೇಶ್ವರಕ್ಕೆ ಹೋಗುವ ಜನರಿಂದ ಸಾತಪುರದ ರಸ್ತೆ ಕಟ್ಟಿಕೊಂಡು ನಿಂತಿತ್ತು. ಬಸ್ಸಿನಿಂದ ಇಳಿದು ನಡೆದೇ ಹೋದೆ. ತಡವಾಯಿತು. ಸ್ಟೋರಿನಲ್ಲಿ ಎಲ್ಲರೂ "ಸಾಯೊನಾರಾ ಬಾಯಿ ಬಂದ್ರು" ಎಂದರು. ದಿನಾ ಅನ್ನುತ್ತಾರೆ. ಅದು ಹೋಗುವವರಿಗೆ ಹೇಳುವ ಮಾತು, ಬರುವವರಿಗಲ್ಲ ಎಂದು ದಿನಾ ತಿದ್ದುತ್ತೇನೆ.

ಉಪವಾಸದ ಸಾಬೂದಾಣಿ ಡಬ್ಬಿ ಬಿಚ್ಚಿದ್ದೆ, ಕಚೇರಿಯ ದತ್ತು ಸಾಹೇಬರು ಏದುಸಿರು ಬಿಡುತ್ತ ಬಂದರು. "ಅಹೋ ತಾಯಿ, ಪಟಕನ್ ಚಲಾ, ಬೇಗ! ಸಂಭಾಜಿನಗರದಿಂದ ಫೋನು, ಜಪಾನಿ ಸಾಹೇಬರೇ ಲೈನಿನಲ್ಲಿದ್ದಾರೆ!"

ಕೈ ತೊಳೆದುಕೊಂಡು ಹೋದೆ.

ಸ್ಪೀಕರಿನ ಮೇಲೆ ಇಟ್ಟಿದ್ದರು. ಮೊರಿತಾ-ಸಾನ್ ಹೇಳಿದ್ದು ಇದು. ಪುಣೆಯಿಂದ ಬಂದ ಹೊಸ ದುಭಾಷಿ ಹುಡುಗ ಜಪಾನಿ ಚೆನ್ನಾಗಿ ಮಾತಾಡುತ್ತಾನೆ. ಆದರೆ ಅವರು ಈಗ ಪ್ರತಿದಿನ ಚಹಾ ವಿರಾಮದಲ್ಲಿ ಗುತ್ತಿಗೆ ಹೆಂಗಸರ ಹತ್ತಿರ ನಿಂತು ಏನಾದರೂ ಕೇಳುತ್ತಾರೆ, ಅವರಲ್ಲಿ ಮುಕ್ಕಾಲು ಜನ ಕಲಬುರಗಿ ಕಡೆಯವರು, ಹುಡುಗನಿಗೆ ಅವರ ಮಾತು ಬರುವುದಿಲ್ಲ. ಮುಖ್ಯ ಕಚೇರಿ ಒಪ್ಪಿದೆ. ಹುದ್ದೆ ಕಾಯಂ. ನಾಳೆ ಬೆಳಗ್ಗೆಯೇ ಬರಬೇಕು, ಗಾಡಿ ಕಳಿಸುತ್ತೇವೆ. ದಯವಿಟ್ಟು ಇಸೊಇದೆ, ಅವಸರ ಮಾಡಿ.

ದತ್ತು ಸಾಹೇಬರು ನನ್ನ ಮುಖವನ್ನೇ ನೋಡುತ್ತಿದ್ದರು. ಎರಡು ವರ್ಷ ನಾನು ಕಾದದ್ದು ಈ ಫೋನಿಗೇ. ಸಂತೋಷ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ಮೊದಲು ಬಾಯಿಗೆ ಬಂದದ್ದು ಪ್ರಶ್ನೆ. "ಸಕ್ರವ್ವ-ಸಾನ್ ಕೆಲಸಕ್ಕೆ ಬಂದಿದ್ದಾರಾ?"

ಆ ಕಡೆ ಗುಸುಗುಸು. ಮೊರಿತಾ-ಸಾನ್ ನಿಧಾನವಾಗಿ, ಇಲ್ಲ, ಗುತ್ತಿಗೆದಾರರು ಇನ್ನೂ ಒಪ್ಪಿಲ್ಲ ಎಂದರು.

"ಇಸೊಗಿಮಾಸೆನ್" ಎಂದೆ. ಅವಸರ ಮಾಡುವುದಿಲ್ಲ. "ಸಕ್ರವ್ವ-ಸಾನ್ ತೊ ಇಶ್ಶೊನಿ ಅರುಕಿಮಾಸು." ಅವಳ ಪಾಸು ಅವಳ ಕೈಗೆ ಬಂದ ದಿನ, ಅವಳ ಜೊತೆ ನಡೆದುಕೊಂಡು ಗೇಟಿನೊಳಗೆ ಬರುತ್ತೇನೆ. ಅಲ್ಲಿಯವರೆಗೆ ನನಗಿಲ್ಲಿ ಸ್ಟೋರಿದೆ.

ಮೊರಿತಾ-ಸಾನ್ ಹಿಂದಿನಿಂದ ಅತುಲ್ ಸರ್ ಧ್ವನಿ ಕೇಳಿಸಿತು. "ಕಾಯ ಮ್ಹಣಾಲ್ಯಾ? ಏನಂದ್ರು ಆಕೆ?"

ಪುಣೆಯ ಹುಡುಗ ಗಂಟಲು ಸರಿಮಾಡಿಕೊಂಡ. ಅವನೇ ಹೇಳಲಿ, ಈಗ ಅದು ಅವನ ಕೆಲಸ. ನಾನು ದತ್ತು ಸಾಹೇಬರ ಕೈಗೆ ಫೋನು ಕೊಟ್ಟು ಸ್ಟೋರಿಗೆ ಬಂದು ಡಬ್ಬಿಯ ಮುಂದೆ ಕೂತೆ. ಸಾಬೂದಾಣಿ ತಣ್ಣಗಾಗಿತ್ತು, ಆದರೂ ಪೂರ್ತಿ ತಿಂದೆ.